ರೂತ್ ಬಾಯಲ್ಲಿ ಉಳಿದ ಹಾಡು

ವೇಲ್ಸಿನ ಕವಯಿತ್ರಿ ಆನ್ ಗ್ರಿಫಿತ್ಸ್ ತನ್ನ ಕೈಯಾರೆ ಬರೆದ ಹಾಡುಗಳಲ್ಲಿ ಇವತ್ತು ಉಳಿದಿರುವುದು ಒಂದೇ ಒಂದು ಚರಣ. ಗೆಳತಿಗೆ ಬರೆದ ಕಾಗದವೊಂದರ ಕೊನೆಯಲ್ಲಿ ಅದಿದೆ. ಅಬೆರಿಸ್ಟ್‌ವಿತ್ ಊರಿನ ರಾಷ್ಟ್ರೀಯ ಗ್ರಂಥಾಲಯ ಆ ಕಾಗದವನ್ನು ಕಾಪಾಡಿಕೊಂಡು ಬಂದಿದೆ. ಮಿಕ್ಕ ಎಪ್ಪತ್ತರಷ್ಟು ಚರಣಗಳು, ಅಂದರೆ ಸುಮಾರು 30 ಹಾಡುಗಳು, ಲೋಕಕ್ಕೆ ಸಿಕ್ಕಿದ್ದು ಆಕೆಯ ಮನೆಗೆಲಸದವಳ ಬಾಯಿಂದ. ಅವಳ ಹೆಸರು ರೂತ್ ಎವನ್ಸ್. ವೆಲ್ಶ್ ಭಾಷೆಯ ದೊಡ್ಡ ಕವಿಗಳ ಮಾತು ಬಂದಲ್ಲೆಲ್ಲ ಆನ್ ಹೆಸರು ಬರುತ್ತದೆ. ರೂತ್ ಮಾತ್ರ ಆಕೆಯ ಜೀವನಚರಿತ್ರೆಯಲ್ಲಿ ಒಂದೆರಡು ವಾಕ್ಯಗಳಲ್ಲಿ ಬಂದುಹೋಗುತ್ತಾಳೆ. ಅವಳಿಗೆ ಸಲ್ಲಬೇಕಾದದ್ದು ಅದಕ್ಕಿಂತ ಬಹಳ ದೊಡ್ಡದು ಎಂದೇ ನಾನು ತಿಳಿದಿದ್ದೇನೆ.

ಆನ್ ಹುಟ್ಟಿದ್ದು 1776ರಲ್ಲಿ, ಮಾಂಟ್‌ಗೊಮರಿ ಸೀಮೆಯ ಡೊಲ್ವಾರ್ ವಾಖ್ ಎಂಬ ಒಕ್ಕಲು ಮನೆಯಲ್ಲಿ. ಅಪ್ಪ ಜಾನ್ ಥಾಮಸ್ ರೈತ, ಊರ ಚರ್ಚಿನ ಹೊಣೆ ಹೊತ್ತವನು, ತಾನೂ ಪದ ಕಟ್ಟುತ್ತಿದ್ದವನು. ಆ ಸೀಮೆಯಲ್ಲಿ ಪ್ಲಗೈನ್ ಎಂಬ ಪದ್ಧತಿ ಇವತ್ತಿಗೂ ಇದೆ. ಕ್ರಿಸ್‌ಮಸ್ ಹೊತ್ತಿನಲ್ಲಿ ಜನ ಚರ್ಚಿನಲ್ಲಿ ಕೂಡುತ್ತಾರೆ, ಒಂದೊಂದು ಮನೆಯವರೋ ಗೆಳೆಯರ ಗುಂಪೋ ಎದ್ದು ಹೋಗಿ ಯಾವ ವಾದ್ಯದ ಆಸರೆಯೂ ಇಲ್ಲದೆ ಉದ್ದುದ್ದನೆಯ ಹಾಡು ಹೇಳುತ್ತಾರೆ. ಹಿಂದೆ ಇದು ನಡೆಯುತ್ತಿದ್ದದ್ದು ನಸುಕಿನಲ್ಲಿ. ಕ್ರಿಸ್ತನ ಹುಟ್ಟು, ಸಾವು, ಬಿಡುಗಡೆಯ ತತ್ತ್ವ, ಎಲ್ಲವೂ ಬಿಗಿಯಾದ ಪ್ರಾಸಗಳಲ್ಲಿ ಹೆಣೆದುಕೊಂಡ ಹಾಡುಗಳು ಅವು. ಆನ್ ಬೆಳೆದದ್ದು ಈ ದನಿಗಳ ನಡುವೆ.

ಹರೆಯದಲ್ಲಿ ಆಕೆಗೆ ಕುಣಿತವೆಂದರೆ ಪ್ರಾಣ. ಮೆಥಾಡಿಸ್ಟ್ ಪಂಥದವರನ್ನು ಕಂಡರೆ ನಗುತ್ತಿದ್ದಳಂತೆ. 1796ರ ಈಸ್ಟರ್ ಹೊತ್ತಿಗೆ ಲ್ಯಾನ್‌ವಲ್ಲಿನ್ ಪೇಟೆಯಲ್ಲಿ ಬೆಂಜಮಿನ್ ಜೋನ್ಸ್ ಎಂಬ ಬೋಧಕನ ಮಾತು ಕಿವಿಗೆ ಬಿದ್ದ ಮೇಲೆ ಅವಳ ಒಳಗು ಕಲಕಿಹೋಯಿತು. ಮರುವರ್ಷ ಪಾಂಟ್‌ರಾಬರ್ಟ್ ಹಳ್ಳಿಯ ಮೆಥಾಡಿಸ್ಟ್ ಕೂಟ ಸೇರಿದಳು. ಅಲ್ಲಿಂದ ಮುಂದೆ ಬೆರ್ವಿನ್ ಬೆಟ್ಟಸಾಲು ದಾಟಿ, ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಾಲಾ ಊರಿಗೆ, ಥಾಮಸ್ ಚಾರ್ಲ್ಸ್ ಅವರ ಕೈಯಿಂದ ಪ್ರಭುಭೋಜನ ಪಡೆಯಲು ಹೋಗಿಬರತೊಡಗಿದಳು. ಈ ಚಾರ್ಲ್ಸ್ ಹಳ್ಳಿಹಳ್ಳಿಗೆ ಶಾಲೆ ಒಯ್ದವರು. ಅವರ ಮಾಸ್ತರರು ಒಂದೂರಲ್ಲಿ ಕೆಲವು ತಿಂಗಳು ನಿಂತು ವೆಲ್ಶ್ ಬೈಬಲ್ ಓದಲು ಕಲಿಸಿ ಮುಂದಿನೂರಿಗೆ ನಡೆಯುತ್ತಿದ್ದರು. ಅಂಥ ಮಾಸ್ತರರಲ್ಲಿ ಒಬ್ಬ ಜಾನ್ ಹ್ಯೂಸ್, ಕಸುಬಿನಿಂದ ನೇಕಾರ. ಶಾಲೆ ನಡೆಸಲು ಬಂದಾಗ ಆತ ಡೊಲ್ವಾರ್ ವಾಖ್ ಮನೆಯಲ್ಲಿ ತಂಗುತ್ತಿದ್ದ. ಬೈಬಲ್ಲಿನ ಒಂದೊಂದು ಮಾತನ್ನು ಹಿಡಿದು ಆನ್ ಜೊತೆ ಅವನು ಗಂಟೆಗಟ್ಟಲೆ ಚರ್ಚೆ ನಡೆಸುತ್ತಿದ್ದ.

ಅವಳ ಹಾಡುಗಳ ಹುರುಳು ಅಂಥ ಚರ್ಚೆಯಿಂದಲೇ ಬಂದದ್ದು. ಅವಳಿಗಿಂತ ಎರಡು ತಲೆಮಾರು ಹಿಂದಿನ ವಿಲಿಯಂ ವಿಲಿಯಮ್ಸ್ ಪಾಂಟಿಕೆಲಿನ್ ನೂರಾರು ಹಾಡು ಬರೆದು ತಾನೇ ಅಚ್ಚು ಹಾಕಿಸಿದವನು. ದಾರಿಹೋಕನ ದಣಿವು, ಹಂಬಲ ಅವನ ಹಾಡಿನ ಜೀವ. ಆನ್ ಹಾಡಿನಲ್ಲಿ ದಣಿವಿಗಿಂತ ಬೆರಗು ಹೆಚ್ಚು. ಎಲ್ಲಕ್ಕೂ ಉಸಿರು ಕೊಡುವವನೇ ಉಸಿರು ಬಿಟ್ಟು ಗೋರಿಯೊಳಗೆ ಮಲಗಿದ ಎಂಬ ವಿಪರೀತವನ್ನು ಅವಳು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾಳೆ, ಪ್ರತಿ ಸಲವೂ ಹೊಸದಾಗಿ ನಡುಗುತ್ತಾಳೆ. ಜಕರೀಯ ಪ್ರವಾದಿ ಕಂಡ ಮಿರ್ಟಲ್ ಗಿಡಗಳು, ಪರಮಗೀತದ ಶಾರೋನಿನ ಗುಲಾಬಿ, ಎಲ್ಲವೂ ಅವಳಲ್ಲಿ ಪ್ರಿಯನೊಬ್ಬನ ಚಹರೆಯತ್ತಲೇ ಬೆರಳು ಮಾಡುತ್ತವೆ. ತತ್ತ್ವದ ಮಾತನ್ನೂ ಪ್ರೇಮದ ಮಾತನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಧೈರ್ಯ ಇಪ್ಪತ್ತರ ಹರೆಯದ ಒಕ್ಕಲಿನ ಹೆಣ್ಣಿಗೆ ಎಲ್ಲಿಂದ ಬಂತು ಎಂದು ಓದಿದಾಗಲೆಲ್ಲ ನನಗೆ ಆಶ್ಚರ್ಯ.

ಅಚ್ಚು ಹಾಕಿಸುವ ಯೋಚನೆ ಅವಳಿಗೆ ಇರಲಿಲ್ಲ. ತನ್ನ ಸಮಾಧಾನಕ್ಕೆಂದು ಕಟ್ಟುತ್ತಿದ್ದಳು. 1801ರಲ್ಲಿ ಆ ಮನೆಗೆ ಕೆಲಸಕ್ಕೆ ಬಂದ ರೂತ್ ಕೂಡ ಅದೇ ಕೂಟದವಳು. ಒಡತಿ ಹಾಡು ಹೇಳುತ್ತಿದ್ದಳು, ಇವಳು ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಇದನ್ನು ದೈವಕೃಪೆ ಎಂದು ಸುಮ್ಮನಾಗುವುದು ಸುಲಭ, ಆದರೆ ಇದರಲ್ಲಿ ದುಡಿಮೆಯಿದೆ. ಆ ಹಾಡುಗಳಲ್ಲಿ ವಾಕ್ಯ ಒಂದು ಸಾಲಿನಲ್ಲಿ ನಿಲ್ಲದೆ ಮುಂದಿನ ಸಾಲುಗಳಿಗೆ ಹರಿಯುತ್ತದೆ, ಬೈಬಲ್ಲಿನ ಬೇರೆ ಬೇರೆ ಪುಸ್ತಕಗಳ ಸೂಚನೆಗಳು ಒಂದರ ಮೇಲೊಂದು ಬರುತ್ತವೆ. ಅರ್ಥ ತಿಳಿಯದವಳು ಅಷ್ಟನ್ನೂ ನೆನಪಿನಲ್ಲಿ ಹಿಡಿದಿಡಲಾರಳು. ರೂತ್ ಆನ್‌ಳ ಮೊದಲ ಓದುಗಾರ್ತಿ, ಬಹುಶಃ ಅತ್ಯಂತ ಒಳ್ಳೆಯ ಓದುಗಾರ್ತಿ.

1804ರ ಆರಂಭದಲ್ಲಿ ಆನ್‌ಳ ಅಪ್ಪ ತೀರಿಕೊಂಡ. ಅದೇ ವರ್ಷ ಅಕ್ಟೋಬರಿನಲ್ಲಿ ಆನ್ ಮೈವೊಡ್ ಕಡೆಯ ಥಾಮಸ್ ಗ್ರಿಫಿತ್ಸ್‌ನನ್ನು ಮದುವೆಯಾದಳು. ಮರುವರ್ಷ ಜುಲೈನಲ್ಲಿ ಹೆಣ್ಣುಮಗು ಹುಟ್ಟಿ ಎರಡು ವಾರಕ್ಕೆ ಕಣ್ಣು ಮುಚ್ಚಿತು. ಆಗಸ್ಟ್ 12ರಂದು ತಾಯಿಯನ್ನೂ ಮಣ್ಣು ಮಾಡಿದರು. ಆಕೆಗೆ ಆಗ 29 ವರ್ಷ.

ಅದೇ ವರ್ಷ ರೂತ್ ಜಾನ್ ಹ್ಯೂಸ್‌ನನ್ನು ಮದುವೆಯಾಗಿದ್ದಳು. ಅವಳು ಹೇಳಿದಳು, ಅವನು ನೋಟ್‌ಪುಸ್ತಕಗಳಲ್ಲಿ ಬರೆದುಕೊಂಡ. ಆನ್ ಬರೆದ ಏಳು ಕಾಗದಗಳ ನಕಲನ್ನೂ ಇಟ್ಟುಕೊಂಡ. 1806ರಲ್ಲಿ ಬಾಲಾದಲ್ಲಿ ಒಂದು ಸಂಗ್ರಹದ ಭಾಗವಾಗಿ ಈ ಹಾಡುಗಳು ಅಚ್ಚಾದವು. ಅಚ್ಚಿಗೆ ಕೊಟ್ಟವರು ಸುಮ್ಮನೆ ಕೊಡಲಿಲ್ಲ. ಸಭೆಯಲ್ಲಿ ಹಾಡಲು ಒರಟಾಯಿತೆಂದು ಪದ ಬದಲಿಸಿದರು, ಚರಣಗಳನ್ನು ಹಿಂದುಮುಂದು ಮಾಡಿದರು. ಮುಂದೆ ಒಂದು ನೂರು ವರ್ಷ ವೇಲ್ಸ್ ಹಾಡಿದ್ದು ಹೀಗೆ ನಯಗೊಳಿಸಿದ ಪಾಠವನ್ನು. ನೋಟ್‌ಪುಸ್ತಕಗಳ ಪಾಠಕ್ಕೆ ಹತ್ತಿರವಾದದ್ದು ಓದುಗರಿಗೆ ಸಿಕ್ಕಿದ್ದು 1905ರಲ್ಲಿ, ಓ. ಎಂ. ಎಡ್ವರ್ಡ್ಸ್ ಹೊರತಂದಾಗ. ಹಾಡುವ ಸಭೆಗೆ ಸಲೀಸಾಗಬೇಕೆಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಅವಳು ಬೇಕೆಂದೇ ಬಿಟ್ಟ ಮುಳ್ಳುಗಳನ್ನು ಕಿತ್ತದ್ದು ನೋವಿನ ಸಂಗತಿ.

ಹ್ಯೂಸ್ 1814ರಲ್ಲಿ ಪಾದ್ರಿಯಾದ, 1854ರ ತನಕ ಬದುಕಿದ. ಆನ್ ಬಗ್ಗೆ ಆತ ಬರೆದ ಲೇಖನ 1846ರಲ್ಲಿ ಪತ್ರಿಕೆಯೊಂದರಲ್ಲಿ ಬಂತು. ಆನ್‌ಳ ಚಿತ್ರ ಒಂದೂ ಉಳಿದಿಲ್ಲವಾಗಿ ಆಕೆ ಹೇಗಿದ್ದಳು ಎಂಬುದಕ್ಕೂ ಅವನ ಮಾತೇ ಆಧಾರ.  

ಆನ್‌ಳ ಮಿರ್ಟಲ್ ಗಿಡಗಳ ಹಾಡನ್ನು ವೇಲ್ಸಿನವರು ಹೆಚ್ಚಾಗಿ ಹಾಡುವುದು ‘ಕುಮ್ ರೊಂಡ’ ಎಂಬ ಧಾಟಿಯಲ್ಲಿ. 1907ರಲ್ಲಿ ಅದನ್ನು ಕಟ್ಟಿದವನ ಹೆಸರೂ ಜಾನ್ ಹ್ಯೂಸ್. ಇವನು ಬೇರೆ, ಕಲ್ಲಿದ್ದಲ ಕಣಿವೆಯವನು, ರೈಲ್ವೆ ಕಂಪನಿಯ ಗುಮಾಸ್ತ. ವೆಲ್ಶ್ ಸಾಹಿತಿ ಸೊಂಡರ್ಸ್ ಲೂಯಿಸ್ 1965ರ ರಾಷ್ಟ್ರೀಯ ಐಸ್ಟೆದ್‌ವೊದ್ ಉತ್ಸವದಲ್ಲಿ ಆಕೆಯ ಬಗ್ಗೆ ಉಪನ್ಯಾಸ ಕೊಟ್ಟರು. ಮಾಂಟ್‌ಗೊಮರಿ ಸೀಮೆಯ ಮನಾವನ್ ಹಳ್ಳಿಯಲ್ಲಿ ಹನ್ನೆರಡು ವರ್ಷ ಪಾದ್ರಿಯಾಗಿದ್ದ ಕವಿ ಆರ್. ಎಸ್. ಥಾಮಸ್ ಆಕೆಗಾಗಿ ದೀರ್ಘ ಕವನ ಬರೆದರು. ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ರೋವನ್ ವಿಲಿಯಮ್ಸ್ ಆಕೆಯನ್ನು ಇಂಗ್ಲಿಷಿಗೆ ತಂದರು.

ಇವರೆಲ್ಲರ ಕೈಗೆ ಬಂದದ್ದು ರೂತ್ ದಾಟಿಸಿದ ಪಾಠ. ಒಂದೊಂದು ಹಾಡಿನಲ್ಲಿ ಯಾವ ಚರಣದ ಮುಂದೆ ಯಾವುದು ಬರಬೇಕು, ಬಿಡಿ ಚರಣಗಳಾಗಿ ಹುಟ್ಟಿದ್ದು ಯಾವುದು, ಒಂದೇ ಹಾಡಾಗಿ ಹುಟ್ಟಿದ್ದು ಯಾವುದು ಎಂದು ವಿದ್ವಾಂಸರು ಇವತ್ತಿಗೂ ಚರ್ಚಿಸುತ್ತಾರೆ. ಸಾಮಾನ್ಯವಾಗಿ ಇದನ್ನು ಬಾಯಿಂದ ಬಾಯಿಗೆ ಬಂದ ಪಾಠದ ಕೊರತೆ ಎಂದು ಎಣಿಸುತ್ತಾರೆ. ನಾನು ಹಾಗೆ ಎಣಿಸಲಾರೆ. ಆ ಜೋಡಣೆ ಹಾಡು ಹುಟ್ಟುವಾಗ ಹತ್ತಿರವಿದ್ದ ಹೆಣ್ಣೊಬ್ಬಳ ತೀರ್ಮಾನ. ಆನ್ ಹಾಡುಗಳ ಸಂಪಾದಕರ ಸಾಲಿನಲ್ಲಿ ಎಡ್ವರ್ಡ್ಸ್‌ಗಿಂತ, 1806ರಲ್ಲಿ ಅಚ್ಚಿಗೆ ಕೊಟ್ಟವರಿಗಿಂತ ಮೊದಲು ಬರಬೇಕಾದವಳು ರೂತ್ ಎವನ್ಸ್.