ಸರ್ವಾಧಿಕಾರಿಗೆ ಪಟ್ಟ ಕಟ್ಟಿದವರಾರು?

"ಈ ದೇಶ ಉದ್ಧಾರವಾಗಬೇಕಾದರೆ ಒಬ್ಬ ಹಿಟ್ಲರ್ ಹುಟ್ಟಿ ಬರಬೇಕು" ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ವಸ್ತಾರೆಯ ಅಂಗಡಿ ಜಗಲಿಯಲ್ಲಿ ನಾನು ಕೇಳಿದ್ದೇನೆ. ಬೆಳಗಿನ ಬಸ್ಸಿನಲ್ಲಿ ಕೇಳಿದ್ದೇನೆ. ಹಾಸ್ಟೆಲಿನ ಊಟದ ಸಾಲಿನಲ್ಲಿಯೂ ಕೇಳಿದ್ದೇನೆ. ರಸ್ತೆ ಕೆಟ್ಟರೆ ಹಿಟ್ಲರ್ ಬೇಕು, ಕಛೇರಿಯಲ್ಲಿ ಲಂಚ ಕೇಳಿದರೆ ಹಿಟ್ಲರ್ ಬೇಕು, ಕಡೆಗೆ ಬಸ್ಸು ತಡವಾದರೂ ಹಿಟ್ಲರನೇ ಬೇಕು! ಹೀಗೆ ಹೇಳುವವರು ಕೆಟ್ಟವರಲ್ಲ, ಬೇಸತ್ತವರು. ಆದರೆ ಇತಿಹಾಸವನ್ನು ಮೂರು ವರ್ಷ ಅಭ್ಯಾಸ ಮಾಡಿದ ನಾವೂ ಅದೇ ಮಾತನ್ನು ಆಡತೊಡಗಿದರೆ ನಮ್ಮ ಓದಿಗೆ ಏನರ್ಥ?

ಈ ಮಾತಿನೊಳಗೆ ಎರಡು ನಂಬಿಕೆಗಳು ಅಡಗಿವೆ. ಸರ್ವಾಧಿಕಾರಿಯು ಬಿರುಗಾಳಿಯಂತೆ ತಾನಾಗಿಯೇ ಬರುತ್ತಾನೆ ಎಂಬುದೊಂದು. ಬಂದವನು ನಮ್ಮ ಪಕ್ಷವನ್ನೇ ವಹಿಸುತ್ತಾನೆ ಎಂಬುದು ಇನ್ನೊಂದು.

ಮೊದಲನೆಯ ನಂಬಿಕೆಗೆ ನಮ್ಮ ಪರೀಕ್ಷೆಯ ಉತ್ತರಗಳೂ ಒತ್ತಾಸೆ ಕೊಡುತ್ತವೆ. ವರ್ಸೇಲ್ಸ್ ಒಪ್ಪಂದದ ಅವಮಾನ, 1929ರ ಆರ್ಥಿಕ ಮುಗ್ಗಟ್ಟು, ನಿರುದ್ಯೋಗ, ಆದುದರಿಂದ ಹಿಟ್ಲರ್. ಇಷ್ಟು ಬರೆದರೆ ಅಂಕಗಳು ಬರುತ್ತವೆ. ನನ್ನ ತಕರಾರು ಇರುವುದು ಆ "ಆದುದರಿಂದ" ಎಂಬ ಪದದ ಮೇಲೆ. ಅದೇ ಮುಗ್ಗಟ್ಟು ನಮ್ಮ ಗುಡ್ಡಗಳಿಗೂ ಬಂದಿತ್ತು. ಕಾಫಿಯ ಬೆಲೆ ಕುಸಿದು ಬೆಳೆಗಾರರು ಸಾಲದಲ್ಲಿ ಮುಳುಗಿದರು. ಬೆಳೆಗಾರರಿಗೇ ಇಲ್ಲದಾಗ ಆಳುಗಳ ಪಾಡು ಹೇಳಬೇಕೇ? ಆಗ ನಡೆದುದೇನು? 1935ರಲ್ಲಿ ಕಾಫಿ ಸೆಸ್ ಶಾಸನವಾಯಿತು, ಸಮಿತಿಯೊಂದು ಹುಟ್ಟಿತು, ಜನರಿಗೆ ಕಾಫಿಯ ರುಚಿ ಹತ್ತಿಸಲು 1936ರಲ್ಲಿ ಮುಂಬಯಿಯಲ್ಲಿ ಕಾಫಿ ಹೌಸ್ ತೆರೆಯಿತು. ನಾವು ಆಗ ಪರತಂತ್ರರು, ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಒಪ್ಪಿದೆ. ಹಾಗಾದರೆ ಅಮೆರಿಕವನ್ನು ನೋಡೋಣ. ಮುಗ್ಗಟ್ಟು ಮೊದಲಾದುದೇ ಅಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದ ಐದೇ ವಾರಗಳಲ್ಲಿ, 1933ರ ಮಾರ್ಚ್ 4ರಂದು, ರೂಸ್‌ವೆಲ್ಟರು ಅಧ್ಯಕ್ಷರಾದರು. ಅಲ್ಲಿಯೂ ಹಸಿವಿತ್ತು, ಆದರೆ ಶಾಸನಸಭೆಗೆ ಯಾರೂ ಬೀಗ ಹಾಕಲಿಲ್ಲ.

ಹಸಿವು ಜನರನ್ನು ಹಿಟ್ಲರನ ಸಭೆಗಳಿಗೆ ಕರೆತಂದಿತು, ನಿಜ. 1932ರಲ್ಲಿ ಜರ್ಮನಿಯ ನಿರುದ್ಯೋಗಿಗಳು ಸುಮಾರು 60 ಲಕ್ಷ. ಆ ವರ್ಷದ ಜುಲೈ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ 230 ಸ್ಥಾನಗಳು ದೊರೆತವು. ಆದರೆ ನವೆಂಬರಿನಲ್ಲಿ ಮತ್ತೆ ಚುನಾವಣೆಯಾದಾಗ ಅವು 196ಕ್ಕೆ ಇಳಿದವು. ಮತಗಳು ನೂರಕ್ಕೆ 37ರಿಂದ 33ಕ್ಕೆ ಬಂದವು. ಎಂದರೆ, ಜನರು ಕೈಬಿಡತೊಡಗಿದ್ದ ಹೊತ್ತಿನಲ್ಲಿಯೇ ದೊಡ್ಡವರು ಆತನನ್ನು ಕೈಹಿಡಿದು ಮೇಲಕ್ಕೆತ್ತಿದರು! ಮಾಜಿ ಪ್ರಧಾನಿ ಪಾಪೆನ್ ಮುದಿ ಅಧ್ಯಕ್ಷ ಹಿಂಡೆನ್‌ಬರ್ಗರ ಮನವೊಲಿಸಿದ. 1933ರ ಜನವರಿ 30ರಂದು ರಚನೆಯಾದ ಮಂತ್ರಿಮಂಡಲದಲ್ಲಿ ಹಿಟ್ಲರನಲ್ಲದೆ ನಾಜಿಗಳು ಇಬ್ಬರೇ. ಸುತ್ತ ನಾವೇ ಇದ್ದೇವಲ್ಲ, ಇವನನ್ನು ಪಳಗಿಸೋಣ ಎಂಬುದು ಆ ಕುಲೀನರ ಎಣಿಕೆ. ಕಾಡಾನೆಯನ್ನು ಅಂಗಳಕ್ಕೆ ಕರೆದು ಬೆಲ್ಲ ಕೊಟ್ಟರೆ ಏನಾಗುವುದೆಂಬುದನ್ನು ಮೂಡಿಗೆರೆಯ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಟಲಿಯ ಕಥೆ ಇದಕ್ಕಿಂತ ನಗೆಪಾಟಲಿನದು. 1921ರ ಚುನಾವಣೆಯಲ್ಲಿ ಮುಸೊಲಿನಿಯ ಫ್ಯಾಸಿಸ್ಟರಿಗೆ ಸಿಕ್ಕಿದ್ದು 35 ಸ್ಥಾನಗಳು. 1922ರ ಅಕ್ಟೋಬರಿನಲ್ಲಿ ಅವರು ರೋಮಿನ ಮೇಲೆ ದಂಡೆತ್ತಿ ಹೊರಟಾಗ ಪ್ರಧಾನಿ ಫಾಕ್ಟಾ ಸೈನಿಕ ಶಾಸನದ ಆಜ್ಞೆಯನ್ನು ಸಿದ್ಧಪಡಿಸಿದ. ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಅದಕ್ಕೆ ಸಹಿ ಹಾಕಲಿಲ್ಲ. ದಂಡಿನ ನಾಯಕನಾದರೋ ಮಿಲಾನಿನಿಂದ ರಾತ್ರಿಯ ರೈಲಿನಲ್ಲಿ ಸುಖವಾಗಿ ಮಲಗಿ ಬಂದು ಪ್ರಧಾನಿಯಾದ. ಒಬ್ಬ ಹಾಕಬೇಕಾದ ಸಹಿಯನ್ನು ಹಾಕಲಿಲ್ಲ. ಇನ್ನೊಬ್ಬ ಹಾಕಬಾರದ ಸಹಿಯನ್ನು ಹಾಕಿದ. ಬಿರುಗಾಳಿ ಎಂದರೆ ಇದೇಯೇ?

ಯುದ್ಧದ ಹಾದಿಯೂ ಇಂಥದೇ. 1935ರಲ್ಲಿ ಇಟಲಿ ಅಬಿಸೀನಿಯದ ಮೇಲೆ ಬಿದ್ದಾಗ ರಾಷ್ಟ್ರಸಂಘವು ವ್ಯಾಪಾರ ನಿರ್ಬಂಧ ಹಾಕಿತು, ಆದರೆ ಯುದ್ಧಕ್ಕೆ ಅತ್ಯವಶ್ಯವಾದ ಎಣ್ಣೆಯನ್ನು ಬಿಟ್ಟು! 1936ರಲ್ಲಿ ಹಿಟ್ಲರ್ ರೈನ್ ಪ್ರಾಂತಕ್ಕೆ ಸೈನ್ಯ ನುಗ್ಗಿಸಿದ, ಯಾರೂ ತಡೆಯಲಿಲ್ಲ. 1938ರಲ್ಲಿ ಮ್ಯೂನಿಕ್ಕಿನಲ್ಲಿ ಚೆಕೊಸ್ಲೊವಾಕಿಯದ ನೆಲವನ್ನು ಹಂಚಿದಾಗ ಆ ದೇಶದವರಿಗೆ ಮೇಜಿನ ಬಳಿ ಕುರ್ಚಿಯೂ ಇರಲಿಲ್ಲ. 1939ರ ಆಗಸ್ಟಿನಲ್ಲಿ ಸ್ಟಾಲಿನನೂ ಒಪ್ಪಂದ ಮಾಡಿಕೊಂಡ. ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿ.

ಎರಡು ದಿನಗಳ ನಂತರ ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ನಮ್ಮ ನಾಯಕರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕಾಫಿ ಕೊಳ್ಳುತ್ತಿದ್ದ ಯೂರೋಪಿನ ಪೇಟೆಗಳು ಮುಚ್ಚಿದವು. 1940ರಲ್ಲಿ ಸುಗ್ರೀವಾಜ್ಞೆಯಾಗಿ, 1942ರಲ್ಲಿ ಶಾಸನವಾಗಿ ಬಂದ ಏರ್ಪಾಟಿನಂತೆ, ಬೆಳೆಗಾರನು ಕಾಫಿಯನ್ನು ಪೂಲಿಗೆ ಒಪ್ಪಿಸುವ ಪದ್ಧತಿ ಬೇರೂರಿತು. 1945ರಲ್ಲಿ ಹಿಟ್ಲರ್ ಸತ್ತ; ಅವನ ಯುದ್ಧದಿಂದ ಹುಟ್ಟಿದ ಆ ಪದ್ಧತಿ ಪೂರ್ಣವಾಗಿ ತೊಲಗಿದ್ದು 1996ರಲ್ಲಿ. ಬರ್ಲಿನ್ನಿನ ಕೋಣೆಯೊಂದರಲ್ಲಿ ನಾಲ್ವರು ಆಡಿದ ಆಟ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಗುಡ್ಡದ ಬೆಳೆಯ ಲೆಕ್ಕದಲ್ಲಿ ಉಳಿಯಿತೆಂದರೆ ದೂರದ ಸುದ್ದಿ ನಮಗೇಕೆ ಎನ್ನುವವರು ಏನು ಹೇಳುವರೋ!

ಇನ್ನು ಎರಡನೆಯ ನಂಬಿಕೆ. ಬಲಿಷ್ಠ ಆಳರಸ ಬಂದರೆ ಬಡವನಿಗೆ ನ್ಯಾಯ ದೊರೆಯುವುದಂತೆ. ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕೂರುವವನು ನಾನೇ ಮೊದಲಿಗ. ನನ್ನ ಮುತ್ತಜ್ಜ ತೋಟದ ಲೈನುಮನೆಯಲ್ಲಿ ಬದುಕಿ ಸತ್ತವರು. ಮೈಸೂರು ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ಕಂದಾಯ ಕಟ್ಟುವವರು, ಓದಿದವರು ಮತದಾರರು. ಅವರಲ್ಲಿ ಇದೂ ಇರಲಿಲ್ಲ, ಅದೂ ಇರಲಿಲ್ಲ. ಮೇಸ್ತ್ರಿ ಹೇಳಿದ್ದೇ ಅವರಿಗೆ ಶಾಸನ. ಎಲ್ಲ ವಯಸ್ಕರೂ ಮತ ಹಾಕಿದ ಮೊದಲ ಮಹಾಚುನಾವಣೆ 1951-52ರದು; ತೋಟದ ಕಾರ್ಮಿಕರ ವಸತಿ, ವೈದ್ಯ, ರಜೆಗಳಿಗೆ ಸಂಸತ್ತು ಶಾಸನ ಮಾಡಿದ್ದೂ 1951ರಲ್ಲಿಯೇ. ಅದು ಪೂರ್ತಿಯಾಗಿ ನಡೆಯಿತೆಂದು ನಾನು ಹೇಳಲಾರೆ. ಆದರೆ ನಡೆಯಲಿಲ್ಲವೆಂದು ಸಂಘ ಕಟ್ಟಿ ಕೇಳುವ ಹಕ್ಕಾದರೂ ಇತ್ತು. ಹಿಟ್ಲರ್ ಮಾಡಿದ್ದೇನು? ಅಧಿಕಾರಕ್ಕೆ ಬಂದ ನಾಲ್ಕನೆಯ ತಿಂಗಳಿನಲ್ಲಿ, 1933ರ ಮೇ 2ರಂದು, ದೇಶದ ಕಾರ್ಮಿಕ ಸಂಘಗಳ ಕಛೇರಿಗಳನ್ನೆಲ್ಲ ವಶಪಡಿಸಿಕೊಂಡು ಮುಖಂಡರನ್ನು ಸೆರೆಗೆ ತಳ್ಳಿದ. ಮುಷ್ಕರವೆಂಬುದೇ ಇಲ್ಲವಾಯಿತು. ಆತ ಕೆಲಸ ಕೊಟ್ಟನಲ್ಲ ಎನ್ನುತ್ತಾರೆ. ಕೊಟ್ಟ, ಬಹುಪಾಲು ಮದ್ದುಗುಂಡು ಮಾಡುವ ಕೆಲಸವನ್ನು, ಆಮೇಲೆ ಅದನ್ನು ಹೊತ್ತು ಸಾಯುವ ಕೆಲಸವನ್ನು. ಯೆಹೂದ್ಯರನ್ನು ನೌಕರಿಯಿಂದ ಕಿತ್ತುಹಾಕಿದ್ದು, ಕಡೆಗೆ ಸುಮಾರು 60 ಲಕ್ಷ ಮಂದಿಯನ್ನು ಕೊಂದದ್ದು ಯಾವ ಉದ್ಧಾರದ ಲೆಕ್ಕಕ್ಕೆ ಸೇರುತ್ತದೆ?

ನಮ್ಮಲ್ಲಿಯೂ ಒಂದು ಸಹಿಯ ಕಥೆಯಿದೆ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ತಿಳಿದದ್ದು ಮಾರನೆಯ ಬೆಳಿಗ್ಗೆ. ಅದನ್ನು ಫ್ಯಾಸಿಸಂ ಎಂದು ಕರೆಯಲು ನಾನು ಸಿದ್ಧನಿಲ್ಲ. 1977ರಲ್ಲಿ ಚುನಾವಣೆ ನಡೆಯಿತು, ಸೋತವರು ಇಳಿದು ಹೋದರು. ಹಿಟ್ಲರ್ ಹಾಗೆ ಇಳಿಯುವವನಲ್ಲ. 1978ರ ನವೆಂಬರಿನಲ್ಲಿ ಇದೇ ಚಿಕ್ಕಮಗಳೂರಿನ ಮತದಾರರು ಇಂದಿರಾ ಗಾಂಧಿಯವರನ್ನು ಮತ್ತೆ ಲೋಕಸಭೆಗೆ ಕಳುಹಿಸಿದರು. ಹಿರಿಯರು ಮಾಡಿದ್ದು ಸರಿಯೇ ತಪ್ಪೇ ಎಂಬ ವಾದ ನಮ್ಮೂರಿನಲ್ಲಿ ಇನ್ನೂ ಮುಗಿದಿಲ್ಲ. ಆ ವಾದವನ್ನು ಜಗಲಿಯ ಮೇಲೆ ಕುಳಿತು ನಿರ್ಭಯವಾಗಿ ಮಾಡುತ್ತಿದ್ದಾರೆ ಎಂಬುದೇ ನನಗೆ ಮುಖ್ಯ. 44ನೆಯ ತಿದ್ದುಪಡಿ ಬಂದುದರಿಂದ ಈಗ ಮಂತ್ರಿಮಂಡಲದ ಲಿಖಿತ ಸಲಹೆಯಿಲ್ಲದೆ ಅಂಥ ಸಹಿ ಬೀಳುವಂತಿಲ್ಲ.

ಹಿಟ್ಲರ್ ಬರಲಿ ಎನ್ನುವ ಮಿತ್ರರಿಗೆ 1933ರ ಮಾರ್ಚ್ 23ರ ಸಭೆಯನ್ನು ನೆನಪಿಸಲು ಬಯಸುತ್ತೇನೆ. ಶಾಸನ ಮಾಡುವ ಅಧಿಕಾರವನ್ನೆಲ್ಲ ಹಿಟ್ಲರನ ಸರಕಾರಕ್ಕೆ ಬರೆದುಕೊಡುವ ಮಸೂದೆ ಮಂಡನೆಯಾದ ದಿನ ಅದು. ಸಭಾಂಗಣದ ಸುತ್ತ ನಾಜಿ ಪಡೆಯವರು ನಿಂತಿದ್ದರು. ಕಮ್ಯೂನಿಸ್ಟ್ ಸದಸ್ಯರನ್ನು ಒಳಕ್ಕೆ ಬಿಡಲಿಲ್ಲ. ಪರವಾಗಿ 444 ಮತಗಳು. ವಿರುದ್ಧ ಮತ ಹಾಕಿದವರು ಸೋಷಿಯಲ್ ಡೆಮೊಕ್ರಾಟ್ ಪಕ್ಷದ 94 ಮಂದಿ; ಅವರ ಪರವಾಗಿ ಎದ್ದು ನಿಂತು ಮಾತಾಡಿದವನು ಓಟ್ಟೊ ವೆಲ್ಸ್. ಅವರದೇ ಪಕ್ಷದ ಹಲವರು ಆಗಲೇ ಸೆರೆಯಲ್ಲಿದ್ದರು ಅಥವಾ ತಲೆಮರೆಸಿಕೊಂಡಿದ್ದರು. ಮೂರು ತಿಂಗಳೊಳಗೆ ಆ ಪಕ್ಷವನ್ನೇ ನಿಷೇಧಿಸಲಾಯಿತು. ಹಿಟ್ಲರನ ಮೀಸೆ ನಮಗೆಲ್ಲರಿಗೂ ಗೊತ್ತು. ವೆಲ್ಸ್‌ನ ಹೆಸರನ್ನು ನಾನು ಕೇಳಿದ್ದು ಈ ಕಡೆಯ ವರ್ಷದಲ್ಲಿ, ಅದೂ ಪಾಠದ ಹೊರಗೆ. ಬರುವ ವರ್ಷದ ತರಗತಿಗಳಿಗಾದರೂ ಆ ಹೆಸರನ್ನು ಹೇಳಿಕೊಡಬೇಕೆಂದು ಅಧ್ಯಾಪಕ ವೃಂದದವರಲ್ಲಿ ನನ್ನ ವಿನಂತಿ.