ಮನೆಯ ಯಂತ್ರವಿಚಾರ: ಲಿವರು ಬಿಡದ ಜೀಪು

ಗೊರವನಹಳ್ಳಿಯ ಸಮೀಪದ ರೈತ ಮಹಾಶಯರೊಬ್ಬರು ತಮ್ಮ ಹಳೆಯ ವಿಲ್ಲಿಸ್ ಮಾದರಿಯ ಜೀಪಿನ ವಿಷಯವಾಗಿ ದೀರ್ಘವಾದ ಪತ್ರವನ್ನು ಬರೆದಿರುವರು. ಅದರ ಸಾರಾಂಶವಿಷ್ಟು: ತೀತಾ ಜಲಾಶಯದ ಕಡೆಯ ಕೆಸರಿನಲ್ಲಿಯೂ ಜಯಮಂಗಲಿಯ ಮರಳಿನಲ್ಲಿಯೂ ನಾಲ್ಕು ಚಕ್ರಗಳ ಬಲದಿಂದ ಗಾಡಿಯು ಸುಖವಾಗಿ ನಡೆಯುತ್ತದೆ. ಅದೇ ಸ್ಥಿತಿಯಲ್ಲಿ ಕೊರಟಗೆರೆಯ ಡಾಮರು ರಸ್ತೆಯನ್ನು ಹತ್ತಿದೊಡನೆಯೇ ಸ್ಟಿಯರಿಂಗ್ ಭಾರವಾಗುತ್ತದೆ. ಅಡಿಯಲ್ಲಿ ಯಾರೋ ನರಳಿದಂತೆ ಶಬ್ದವಾಗುತ್ತದೆ. ಮುಂದಿನ ಚಕ್ರಗಳಿಗೆ ಬಲ ಕೊಡುವ ಸಣ್ಣ ಲಿವರು ಎಷ್ಟು ಎಳೆದರೂ ಬರುವುದಿಲ್ಲ. ಟ್ರಾನ್ಸ್‌ಫರ್ ಪೆಟ್ಟಿಗೆಯನ್ನೇ ಬದಲಾಯಿಸಬೇಕೆಂದು ಮೆಕ್ಯಾನಿಕರು ಹೇಳಿರುವರಂತೆ. ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನು ಇದಕ್ಕೆ ಸುರಿಯುವುದೋ, ಗಾಡಿಯನ್ನು ಗುಜರಿಗೆ ಕೊಟ್ಟುಬಿಡುವುದೋ ಎಂಬುದೇ ಅವರ ಪ್ರಶ್ನೆ.

ಎರಡೂ ಈಗಲೇ ಬೇಡ. ಪತ್ರದ ತುದಿಯಲ್ಲಿ, ಏನೋ ನೆನಪಾಗಿ ಸೇರಿಸಿದಂತೆ, ಒಂದು ಮಾತಿದೆ: ಹೋದ ವರ್ಷ ಹಿಂದಿನ ಅಚ್ಚು ಕೆಟ್ಟುಹೋಗಿ, ಗುಜರಿಯಿಂದ ಬೇರೊಂದನ್ನು ತಂದು ಹಾಕಿಸಿದರಂತೆ. ನಮಗೆ ಈ ಒಂದು ಮಾತು ಉಳಿದ ಮೂರು ಪುಟಗಳಿಗಿಂತ ಹೆಚ್ಚಿನದಾಗಿ ಕಂಡಿತು.

ಎತ್ತಿನ ಗಾಡಿಯು ತಿರುಗುವಾಗ ಹೊರಗಿನ ಚಕ್ರವು ಹೆಚ್ಚು ದೂರವನ್ನೂ ಒಳಗಿನದು ಕಡಿಮೆ ದೂರವನ್ನೂ ಸವೆಸುವುದು. ಅಚ್ಚಿನ ಮೇಲೆ ಪ್ರತಿಯೊಂದು ಚಕ್ರವೂ ತನ್ನಷ್ಟಕ್ಕೆ ಸುತ್ತುವುದರಿಂದ ತೊಂದರೆಯಿಲ್ಲ. ಜೀಪಿನ ಒಂದೊಂದು ಅಚ್ಚಿನಲ್ಲಿಯೂ ಡಿಫರೆನ್ಷಿಯಲ್ ಎಂಬ ಸಾಧನವು ಎಡಬಲ ಚಕ್ರಗಳಿಗೆ ಇದೇ ಸ್ವಾತಂತ್ರ್ಯವನ್ನು ಕೊಡುತ್ತದೆ. ಆದರೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಅಂತಹ ಸಾಧನವು ಈ ಹಳೆಯ ಜೀಪುಗಳಲ್ಲಿಲ್ಲ. ಲಿವರನ್ನು ಹಾಕಿದ ಮೇಲೆ ಎರಡು ಪ್ರೊಪೆಲ್ಲರ್ ಶಾಫ್ಟುಗಳೂ ಸಮನಾಗಿ ಸುತ್ತಲೇಬೇಕು. ಮರಳಿನಲ್ಲಿ ಚಕ್ರವು ಸ್ವಲ್ಪ ಜಾರಿ ವ್ಯತ್ಯಾಸವನ್ನು ತೀರಿಸಿಕೊಳ್ಳುವುದು. ಒಣಗಿದ ಡಾಮರಿನ ಮೇಲೆ ಜಾರಲು ಎಡೆಯಿಲ್ಲ; ಆ ತಿರುಚು ಶಾಫ್ಟಿನಲ್ಲಿಯೂ ಹಲ್ಲುಗಳಲ್ಲಿಯೂ ಕೂಡುತ್ತ ಹೋಗಿ ಲಿವರನ್ನು ಕಚ್ಚಿ ಹಿಡಿಯುವುದು. ಆದುದರಿಂದಲೇ ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರಗಳ ಬಲವನ್ನು ಬಳಸಕೂಡದು. ಹೀಗೆ ಬಿಗಿದಾಗ ಲಿವರನ್ನು ಒದೆಯುವುದು ತರವಲ್ಲ. ನಾಲ್ಕಾರು ಗಜ ಹಿಂದಕ್ಕೆ ನಡೆಯಿಸಿ, ಕ್ಲಚ್ಚನ್ನು ತುಳಿದು ಎಳೆದರೆ ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ.

ಇದು ಸರಿಯಾದ ಗಾಡಿಗೂ ಇರುವ ಸ್ವಭಾವ. ಆದರೆ ನೇರ ರಸ್ತೆಯಲ್ಲಿ, ಹತ್ತಿದೊಡನೆಯೇ ಹಿಡಿಯುವುದಾದರೆ ಮುಂದಿನ ಹಿಂದಿನ ಲೆಕ್ಕವೇ ಬೇರೆಯಾಗಿರಬೇಕು. 1941ರಿಂದ 1945ರ ವರೆಗೆ ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನಲ್ಲಿ ಚಕ್ರವು ಒಮ್ಮೆ ಸುತ್ತಲು ಶಾಫ್ಟು 4.88 ಸುತ್ತು ಸುತ್ತುವುದು. ಯುದ್ಧಾನಂತರ ನಾಗರಿಕರಿಗಾಗಿ ಬಂದ ಸಿ.ಜೆ. 2ಎ ಮಾದರಿಯಲ್ಲಿ 5.38. ನಮ್ಮ ದೇಶದಲ್ಲಿಯೂ ಮುಂಬಯಿಯಲ್ಲಿ ಜೀಪುಗಳ ಜೋಡಣೆ ನಡೆದು, ಮುಂದೆ ಹಲವು ಮಾದರಿಗಳು ಬಂದುವು. ಗುಜರಿಯಲ್ಲಿ ಎಲ್ಲವೂ ಒಂದೇ ರಾಶಿ. ಅಚ್ಚಿನ ಹೊರಚಿಪ್ಪನ್ನು ನೋಡಿ ಒಳಗಿನ ಹಲ್ಲುಗಳನ್ನು ಎಣಿಸಲಾಗದು. ಮೇಲಿನ ಎರಡು ಲೆಕ್ಕಗಳು ಒಂದೇ ಗಾಡಿಯಲ್ಲಿ ಕೂಡಿದರೆ ನೂರು ಗಜಕ್ಕೆ ಹತ್ತು ಗಜದಷ್ಟು ಜಗಳ!

ಕೈ ಕೊಳೆಯಾಗದ ಪರೀಕ್ಷೆಯೊಂದುಂಟು. ಈ ಜೀಪಿನಲ್ಲಿ ದೂರದ ಮಾಪಕವು ಟ್ರಾನ್ಸ್‌ಫರ್ ಪೆಟ್ಟಿಗೆಯಿಂದ ಚಲಿಸುವುದು. ಟೈರಿನ ಅಳತೆಯು ಮೊದಲಿನದೇ ಆಗಿದ್ದು, ರಸ್ತೆಯ ಕಲ್ಲುಗಳ ಲೆಕ್ಕದಲ್ಲಿ 10 ಕಿಲೋಮೀಟರು ಹೋದಾಗ ಮಾಪಕವು ಈಗ ಸುಮಾರು 11ನ್ನೋ 9ನ್ನೋ ತೋರಿಸಿದರೆ ಹಿಂದಿನ ಅಚ್ಚಿನ ಮೇಲೆ ಸಂಶಯ ಪಡಬಹುದು. ಮಾಪಕವು ಕೆಟ್ಟಿದ್ದರೆ (ಹಳೆಯ ಜೀಪಿನಲ್ಲಿ ಅದು ಕೆಡದೆ ಇರುವುದೇ ಆಶ್ಚರ್ಯ) ಚಕ್ರವನ್ನೆತ್ತಿ ಎಣಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ಗೃಹಿಣಿಯರೂ ಕೇಳಿಕೊಳ್ಳಬೇಕು. ಈ ಗಾಡಿಯ ಕೈಬ್ರೇಕು ಚಕ್ರಗಳಲ್ಲಿಲ್ಲ. ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂದೆ, ಶಾಫ್ಟಿನ ಮೇಲಿದೆ. ಹಿಂದಿನ ಒಂದು ಚಕ್ರವು ನೆಲವನ್ನು ಬಿಟ್ಟೊಡನೆ, ಅಥವಾ ಆ ಶಾಫ್ಟನ್ನು ಬಿಚ್ಚಿದೊಡನೆ, ಕೈಬ್ರೇಕು ಇದ್ದೂ ಇಲ್ಲದಂತೆ. ಇದನ್ನರಿಯದೆ ಗಾಡಿಯ ಕೆಳಗೆ ಮಲಗುವುದು ಪ್ರಾಣಾಪಾಯ. ಸಮನೆಲದಲ್ಲಿ ನಿಲ್ಲಿಸಿ, ತಿರುಚನ್ನು ಮೊದಲೇ ಬಿಡಿಸಿ, ಎಂಜಿನನ್ನು ನಿಲ್ಲಿಸಿ, ನೆಲದಲ್ಲುಳಿಯುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ದಪ್ಪ ಕಲ್ಲುಗಳನ್ನು ಕೊಡಿರಿ. ಜಾಕಿಯೊಂದನ್ನೇ ನಂಬದೆ ಅಚ್ಚಿನ ಕೆಳಗೆ ಗಟ್ಟಿಯಾದ ಆಸರೆಯನ್ನಿಡಿರಿ. ಮಕ್ಕಳು ಅತ್ತ ಸುಳಿಯಕೂಡದು.

ಆ ಮೇಲೆ ಮುಂದಿನ ಚಕ್ರಗಳ ಲಿವರನ್ನು ಬಿಡಿಸಿ, ಟ್ರಾನ್ಸ್‌ಫರ್ ಪೆಟ್ಟಿಗೆಯನ್ನು ನ್ಯೂಟ್ರಲಿಗೆ ತಂದು, ಕೈಬ್ರೇಕನ್ನು ಸಡಿಲಿಸಿ, ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಹಿಂದಿನ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಜೊತೆಯ ಚಕ್ರವು ನೆಲದಲ್ಲಿ ನಿಂತಿರುವುದರಿಂದ ಒಂದರ ಎರಡು ಸುತ್ತು ಜೋಡಿಯ ಒಂದು ಸುತ್ತಿಗೆ ಸಮ. ಶಾಫ್ಟು ಐದಕ್ಕೆ ತುಸು ಕಡಿಮೆ ಸುತ್ತಿತೋ, ಐದನ್ನು ದಾಟಿ ಇನ್ನೂ ಮೂರರ ಎಂಟಂಶ ಸುತ್ತಿತೋ ಬರೆದುಕೊಳ್ಳಿರಿ. ಮುಂದಿನ ಅಚ್ಚಿಗೂ ಹೀಗೆಯೇ. ಮುಂದಿನ ಹಬ್ಬುಗಳಿಗೆ ಬಿಡಿಸುವ ಬೀಗವಿದ್ದಲ್ಲಿ ಅದನ್ನು ಹಾಕಿಕೊಂಡು ಎಣಿಸಬೇಕು.

ಎಣಿಕೆಗಳು ಬೇರೆಯಾದರೆ ಪೆಟ್ಟಿಗೆಯು ನಿರಪರಾಧಿ. ಒಂದು ಅಚ್ಚಿನ ಕ್ರೌನನ್ನೂ ಪಿನಿಯನ್ನನ್ನೂ ಜೋಡಿಯಾಗಿಯೇ ಬದಲಾಯಿಸಿ ಇನ್ನೊಂದಕ್ಕೆ ಹೊಂದಿಸಿದರೆ ಸಾಕು. ಅಷ್ಟು ಕಾಲವೂ ಹಿಂದಿನ ಎರಡು ಚಕ್ರಗಳ ಬಲದಿಂದಲೇ ಓಡಿಸಬಹುದು. ಒಂದು ವರ್ಷದ ತಿರುಚಿನಿಂದ ಶಾಫ್ಟಿನ ಕ್ರಾಸುಗಳು ಸವೆದಿರಬಹುದು: ಕೈಯಿಂದ ಹೊರಳಿಸಿದಾಗ ಆಟವಿದ್ದರೆ, ಬಟ್ಟಲುಗಳ ಬಳಿ ಕೆಂಪು ಪುಡಿ ಕಂಡರೆ, ಹೊಸವನ್ನು ಹಾಕಿಸಿರಿ. ಮರಳಿ ಜೋಡಿಸುವಾಗ ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ನೇರದಲ್ಲಿರಲಿ. ಇಲ್ಲದಿದ್ದರೆ ವೇಗದಲ್ಲಿ ಗಾಡಿಯೆಲ್ಲ ನಡುಗುವುದು.

ಎಣಿಕೆಗಳು ಒಂದೇ ಆದರೆ ಟೈರುಗಳನ್ನು ನೋಡಿರಿ. ಹಿಂದೆ ಹೊಸವು, ಮುಂದೆ ಬೋಳಾದವು ಇದ್ದರೂ ಇದೇ ಜಗಳವು ಸಣ್ಣ ಪ್ರಮಾಣದಲ್ಲಿ ನಡೆಯುವುದು. ನಾಲ್ಕೂ ಸಮವಾಗಿದ್ದು ದೋಷವು ಉಳಿದರೆ ಮಾತ್ರ ಪೆಟ್ಟಿಗೆಯನ್ನು ಬಿಚ್ಚಿಸಬಹುದು. ಪತ್ರ ಬರೆದ ಮಹಾಶಯರು ತಮ್ಮ ಎಣಿಕೆಯನ್ನು ತಿಳಿಸಿದಲ್ಲಿ ಮುಂದಿನ ಸಂಚಿಕೆಯಲ್ಲಿ ಉಳಿದುದನ್ನು ಬರೆಯುವೆವು.