ಕೆಟ್ಟ ಸುದ್ದಿಯನ್ನು ಮೊದಲು ಯಾರು ಹೇಳಬೇಕು?

ಕಾಲುವೆಗೆ ನೀರು ಯಾವಾಗ ಬರುತ್ತದೆ ಎಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಕೇಳಿ ನೋಡಿ. ಸಿಗುವ ಉತ್ತರ ಗೊಬ್ಬರದ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದು, ಇಲ್ಲವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದು. ನೀರು ಬಿಡುವ ಸಂಸ್ಥೆಯ ಬಾಯಿಂದ ಬಂದದ್ದು ಅಪರೂಪ. ಕಚೇರಿಗಳಿಗೂ ಕಂಪನಿಗಳಿಗೂ ಸಾರ್ವಜನಿಕ ಸಂಪರ್ಕ ಏಕೆ ಬೇಕು ಎಂಬ ಚರ್ಚೆಯನ್ನು ನಾವು ಇಲ್ಲಿಂದಲೇ ಶುರು ಮಾಡಬೇಕು.

ನಮ್ಮಲ್ಲಿ ಸಾರ್ವಜನಿಕ ಸಂಪರ್ಕವೆಂದರೆ ಶಾಲು, ಹಾರ, ರಿಬ್ಬನ್ ಕತ್ತರಿಸುವ ಫೋಟೊ, ಮರುದಿನ ಪತ್ರಿಕೆಯಲ್ಲಿ ಮೂರು ಕಾಲಂ ಸುದ್ದಿ. ಒಳ್ಳೆಯ ಸುದ್ದಿಗೆ ಹೇಗೂ ನೂರು ಬಾಯಿ, ಅದಕ್ಕೆ ಸಂಬಳ ಕೊಟ್ಟು ಅಧಿಕಾರಿಯನ್ನು ಇಡಬೇಕಿಲ್ಲ. ಅಧಿಕಾರಿ ಬೇಕಾಗುವುದು ಕೆಟ್ಟ ಸುದ್ದಿಗೆ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ಉರುಳಿ ಐವತ್ತಕ್ಕೂ ಹೆಚ್ಚು ಜನ ಸತ್ತಾಗ ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿಯ ಸಾರ್ವಜನಿಕ ಸಂಪರ್ಕ ನೋಡುತ್ತಿದ್ದ ಐವಿ ಲೀ ಅಪಘಾತವನ್ನು ಮುಚ್ಚಿಡಲಿಲ್ಲ. ವರದಿಗಾರರನ್ನು ಸ್ಥಳಕ್ಕೇ ಕರೆಸಿ, ಗೊತ್ತಿದ್ದ ಮಾಹಿತಿ ಕೊಟ್ಟರು. ಈ ವೃತ್ತಿಗೆ ಮರ್ಯಾದೆ ಬಂದದ್ದು ಅಂಥ ನಡೆಯಿಂದ.

ಅಂಥದೇ ಪರೀಕ್ಷೆ ನಮಗೂ ಎದುರಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯದಲ್ಲಿ 105 ಟಿಎಂಸಿ ನೀರು. ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ಎತ್ತಬೇಕಾಯಿತು. ನದಿ ದಂಡೆಯ ಊರುಗಳಲ್ಲಿ ಪ್ರವಾಹದ ಭಯವಾದರೆ, ಕಾಲುವೆ ಕೆಳಗಿನ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಭತ್ತಕ್ಕೆ ನೀರು ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ. ಆ ವಾರ ಜನರ ಧೈರ್ಯ ಉಳಿಸಿದ್ದು ಯಾವ ಪ್ರಕಟಣೆಯೂ ಅಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು. ಅಣೆಕಟ್ಟೆಯ ಮೇಲೆಯೇ ನಿಂತು, ಏನು ಮಾಡಲು ಹೊರಟಿದ್ದೇವೆ, ಕಷ್ಟ ಎಲ್ಲಿದೆ ಎಂದು ಕ್ಯಾಮೆರಾಗಳ ಮುಂದೆ ನೇರವಾಗಿ ಹೇಳಿದರು. ನೀರು ಸಾಕಷ್ಟು ಖಾಲಿಯಾದ ಮೇಲೆಯೇ ದುರಸ್ತಿ ಎಂಬ ಮಾತು ಮೊದಲು ಬಂತು. ಆಮೇಲೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಕಿಂಡಿಗೆ ಅಡ್ಡಲಾಗಿ ಕೂರಿಸುವ ತಾತ್ಕಾಲಿಕ ತಡೆ, ಇಳಿಸಿದರು. ಒಂದು ವಾರದಲ್ಲಿ ಕಿಂಡಿ ಮುಚ್ಚಿತು. ಲೆಕ್ಕ ಬದಲಾದುದಕ್ಕೆ ರೈತರು ಅವರನ್ನು ದೂರಲಿಲ್ಲ. ನಡೆಯುವುದೆಲ್ಲ ಕಣ್ಣೆದುರೇ ನಡೆದಿತ್ತು.

ಮರುವರ್ಷ ಆ ಪಾಠ ಮರೆತೇಹೋಯಿತು. ಎಲ್ಲ 33 ಗೇಟ್‌ಗಳನ್ನು ಬದಲಿಸಬೇಕಿದ್ದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ತೀರ್ಮಾನ ತಪ್ಪೆಂದು ನಾನು ಹೇಳಲಾರೆ, ಗೇಟ್‌ಗಳಿಗೆ ಎಪ್ಪತ್ತು ವರ್ಷವಾಗಿತ್ತು. ಆದರೆ ಖಚಿತ ಮಾತಿಗಾಗಿ ನವೆಂಬರ್‌ವರೆಗೆ ಕಾಯಿಸಿದ್ದು ತಪ್ಪು. ಗುತ್ತಿಗೆಗೆ ಗದ್ದೆ ಹಿಡಿಯುವವನಿಗೆ, ಸಸಿಮಡಿ ಹಾಕುವವನಿಗೆ, ನಾಟಿಗೆ ಹೋಗುವ ಕೂಲಿಯವರಿಗೆ, ಅಕ್ಕಿ ಗಿರಣಿಯವರಿಗೆ ಎರಡು ತಿಂಗಳು ಮೊದಲೇ ಗೊತ್ತಾಗುವುದಕ್ಕೂ ಕೊನೆಗಳಿಗೆಯಲ್ಲಿ ಗೊತ್ತಾಗುವುದಕ್ಕೂ ಇರುವ ವ್ಯತ್ಯಾಸ ಸಾಲದ ಪುಸ್ತಕದಲ್ಲಿ ಕಾಣುತ್ತದೆ. ‘ಇಲ್ಲ’ ಎಂಬುದನ್ನು ಬೇಗ ಹೇಳಿದ್ದರೆ ಹಣ ಉಳಿಯುತ್ತಿತ್ತು, ಅರ್ಧ ಸಿಟ್ಟೂ ಇಳಿಯುತ್ತಿತ್ತು.

ಬಳ್ಳಾರಿ ಜಿಲ್ಲಾಸ್ಪತ್ರೆಯದು ಇನ್ನೂ ಕಹಿ ಪ್ರಸಂಗ. 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಇಂಥ ಹೊತ್ತಿನಲ್ಲಿ ಸಾರ್ವಜನಿಕ ಸಂಪರ್ಕವೆಂದರೆ ಆಸ್ಪತ್ರೆಯ ವರ್ಚಸ್ಸು ಕಾಯುವುದಲ್ಲ. ಮೊದಲ ಮಾತು ವಾರ್ಡಿನ ಹೊರಗೆ ಕೂತ ಮನೆಯವರಿಗೆ ಸಲ್ಲಬೇಕು, ಪತ್ರಕರ್ತರ ಸರದಿ ಆಮೇಲೆ. ತಪ್ಪನ್ನು ಒಳ್ಳೆಯ ಮಾತಿನಿಂದ ಮುಚ್ಚುವ ಕೆಲಸವನ್ನೂ ಕೆಲವರು ಇದೇ ಹೆಸರಿನಲ್ಲಿ ಮಾಡುತ್ತಾರೆ. ಅದಕ್ಕಿಂತ ಸುಮ್ಮನಿರುವುದು ವಾಸಿ.

ವ್ಯವಹಾರ ನಡೆಸುವವರಿಗೂ ಇದೇ ಮಾತು. ಬಳ್ಳಾರಿಯ ಜೀನ್ಸ್ ಘಟಕಗಳಾಗಲಿ, ಇಲ್ಲೇ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಾಗಲಿ, ಉಳಿಯುವುದು ಜನರ ನಂಬಿಕೆಯ ಮೇಲೆ. ಜಾಹೀರಾತಿನಿಂದ ಹೆಸರು ಪರಿಚಯವಾಗುತ್ತದೆ, ನಂಬಿಕೆ ಬರುವುದಿಲ್ಲ.

ಸರ್ಕಾರಿ ಸಂಸ್ಥೆಗಳಿಗೆ ಹೊಸ ಕಾನೂನು ಬೇಕಿಲ್ಲ. ಯಾರೂ ಅರ್ಜಿ ಹಾಕದಿದ್ದರೂ ಮಾಹಿತಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ನೀರಾವರಿ ಅಧಿಕಾರಿಗಳಲ್ಲಿ ಒಂದೇ ವಿನಂತಿ: ಮುಂದಿನ ಹಂಗಾಮಿಗೆ ನೀರು ಇರಲಿ, ಇಲ್ಲದಿರಲಿ, ತೀರ್ಮಾನವಾದ ದಿನವೇ ಕಾಲುವೆಯ ಕೊನೆ ಭಾಗದ ಪ್ರತಿ ಪಂಚಾಯಿತಿಯ ಬೋರ್ಡಿನ ಮೇಲೆ ಬರೆಸಿ, ಕೆಳಗೆ ಕೇಳಲು ಒಂದು ಫೋನ್ ನಂಬರ್ ಕೊಡಿ, ಆ ಫೋನನ್ನು ಎತ್ತಿ.